ಮಕ್ಕಳ ಮನೆ ಬರಿದು ಮಾಡಿದ ದೊಡ್ಡಮ್ಮ

ನಾನು ಮಕ್ಕಳ ಮನೆಗೆ ಹೊಲಿಗೆ ಕಲಿಸಲು ಸೇರಿಕೊಂಡಾಗ ದೊಡ್ಡಮ್ಮ ಅಲ್ಲಿಯ ಮೇಲ್ವಿಚಾರಕಿಯಾಗಿ ಬಹಳ ವರ್ಷಗಳಾಗಿದ್ದವು. ಹುಡುಗಿಯಾಗಿದ್ದಾಗಲೇ ಕೆಲಸಕ್ಕೆ ಸೇರಿ, ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಪೆಟ್ಟಿಗೆ ಇಳಿಸಿದವರು ಆಮೇಲೆ ಅದನ್ನು ಎತ್ತಲೇ ಇಲ್ಲ. ಮದುವೆ ಮಾಡಿಕೊಳ್ಳಲಿಲ್ಲ. "ಯಾಕೆ ದೊಡ್ಡಮ್ಮಾ?" ಅಂತ ಕೇಳಿದರೆ, "ಯಾರೂ ಕೇಳಲಿಲ್ಲ ಕಣೇ. ಕೇಳಿದವನ ಹತ್ತಿರ ನಾನು ಮಾತಾಡಲಿಲ್ಲ," ಅನ್ನುತ್ತಿದ್ದರು. ಅದರಲ್ಲಿ ಎಷ್ಟು ನಿಜ, ಎಷ್ಟು ತಮಾಷೆ, ನನಗೆ ಕೊನೆಗೂ ಗೊತ್ತಾಗಲಿಲ್ಲ.

ಎತ್ತರದ ಆಳು, ಭಾರವಾದ ಹೆಜ್ಜೆ. ಆದರೆ ಬೀಗದ ಕೈಗೊಂಚಲನ್ನು ಮಾತ್ರ ಸದ್ದಾಗದಂತೆ ಮುಷ್ಟಿಯೊಳಗೆ ಅದುಮಿಕೊಂಡೇ ಓಡಾಡುವರು. "ಅದು ಝಣ್ ಅಂದ್ರೆ ಮಕ್ಕಳಿಗೆ ಜೈಲು ಅನ್ನಿಸುತ್ತೆ," ಎಂಬುದು ಅವರ ವಾದ. ಮನೆ ಎರಡು ಮಹಡಿಯದು. ಮೇಲೆ ಉದ್ದನೆಯ ಮಲಗುವ ಕೋಣೆ, ಸಾಲಾಗಿ ಕಬ್ಬಿಣದ ಮಂಚ, ಪ್ರತಿ ಮಂಚದ ಕಾಲಡಿ ಒಂದು ಮರದ ಪೆಟ್ಟಿಗೆ. ಕೆಳಗೆ ಊಟದ ಕೋಣೆ, ಅಡುಗೆಮನೆ, ಮತ್ತೆ ತಂದೆತಾಯಿ ಬಂದರೆ ಕೂರಲು ಎರಡು ಗೋಡೆಗೂ ಬೆಂಚು ಹಾಕಿದ ಮುಂಕೋಣೆ. ಹೌದು, ತಂದೆತಾಯಿ. ಅಲ್ಲಿದ್ದ ಮಕ್ಕಳು ಅನಾಥರು ಅಂತ ಹೊರಗಿನವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಮೊದಲ ಭಾನುವಾರವೇ ಆ ಬೆಂಚುಗಳು ತುಂಬಿ, ನಿಲ್ಲಲೂ ಜಾಗವಿಲ್ಲದ್ದನ್ನು ನೋಡಿ ಬೆರಗಾದೆ.

ಇಷ್ಟು ವರ್ಷ ದೊಡ್ಡಮ್ಮನಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಕಷ್ಟದಲ್ಲಿರುವವರು ಮಕ್ಕಳನ್ನು ತರುತ್ತಾರೆ, ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಅಷ್ಟೇ. ಆ ನೆಮ್ಮದಿ ಕೆಡಿಸಿದವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದ ಒಬ್ಬ ಹೆಂಗಸು. ನಾವೆಲ್ಲ ಆಮೇಲೆ ಅವಳನ್ನು ಇಸ್ತ್ರಿಯಕ್ಕ ಅಂತಲೇ ಕರೆದೆವು.

ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಳು. ಗಂಡ ಇನ್ನೆಲ್ಲೋ ಬೇರೆ ಸಂಸಾರ ಹೂಡಿಕೊಂಡಿದ್ದ. ವೈದ್ಯರು ವಾರ್ಡಿಗೆ ಬರುವುದರೊಳಗೆ ಹಾಸಿಗೆ ಬಟ್ಟೆಗಳು ಸಿದ್ಧವಾಗಬೇಕು, ಹಾಗಾಗಿ ಅವಳ ಕೆಲಸ ಸೂರ್ಯ ಹುಟ್ಟುವ ಮೊದಲೇ ಶುರು. ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ಮಕ್ಕಳ ಜೊತೆ ಕೂತು, ಎಬ್ಬಿಸಿ ಶಾಲೆಗೆ ಕಳಿಸುತ್ತಿದ್ದರು. ಅಜ್ಜಿ ಮಗನ ಊರಿಗೆ ಹೋದ ಮೇಲೆ ಇಸ್ತ್ರಿಯಕ್ಕ ಬೇರೆ ದಾರಿ ಕಾಣದೆ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗತೊಡಗಿದಳು. ಒಂದು ದಿನ ಚಿಕ್ಕವಳು ಹಾಲು ಬಿಸಿ ಮಾಡಲು ಹೋಗಿ ಪಾತ್ರೆ ಸೀದು ಹೊಗೆ ತುಂಬಿತು. ಅಕ್ಕಪಕ್ಕದವರು ಬಂದು ಬಾಗಿಲು ತೆಗೆದರು. ಯಾರಿಗೂ ಏನೂ ಆಗಲಿಲ್ಲ, ಆದರೆ "ಮಕ್ಕಳನ್ನ ಕೂಡಿಹಾಕಿ ಹೋಗ್ತಾಳೆ" ಅನ್ನುವ ದೂರು ಹೋಯಿತು. ಮಕ್ಕಳ ಕಲ್ಯಾಣ ಇಲಾಖೆಯವರು ಬಂದು, ಒಂದೋ ವ್ಯವಸ್ಥೆ ಮಾಡು, ಇಲ್ಲ ಮಕ್ಕಳ ಮನೆಗೆ ಬಿಡು ಅಂದರು.

ದೊಡ್ಡಮ್ಮ ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿದರು: "ಇಲ್ಲಿ ಹೊಟ್ಟೆ ತುಂಬ ಊಟ ಇದೆ, ಬೆಚ್ಚನೆ ಹಾಸಿಗೆ ಇದೆ. ಚಿಂತೆ ಬಿಡಮ್ಮ."

ಅವಳು ತಲೆಯಾಡಿಸಿ ಹೋದಳು. ಮಾರನೆಯ ದಿನ ಮಧ್ಯಾಹ್ನ ನೋಡಿದರೆ ರಸ್ತೆಯ ಆಚೆ ಬದಿ ಚೀಲ ಹಿಡಿದು ನಿಂತಿದ್ದಾಳೆ. ಭೇಟಿ ಭಾನುವಾರ ಮಾತ್ರ ಅನ್ನುವುದು ನಿಯಮ. ಅವಳು ಒಳಗೆ ಬಿಡಿ ಅಂತ ಕೇಳಲೂ ಇಲ್ಲ. ಸುಮ್ಮನೆ ಕಿಟಕಿಗಳ ಕಡೆ ನೋಡುತ್ತ ನಿಂತು ಕತ್ತಲಾಗುವ ಹೊತ್ತಿಗೆ ಹೋದಳು. ಅದರ ಮಾರನೆಯ ದಿನವೂ ಬಂದಳು. ಮತ್ತೂ ಬಂದಳು. ಕೊನೆಗೆ ದೊಡ್ಡಮ್ಮನೇ ಗೇಟಿಗೆ ಹೋಗಿ ಗದರಿದರು: "ಅಲ್ಲಿ ಕಂಬದ ಹಾಗೆ ನಿಂತ್ರೆ ಲಾರಿಯವನು ಬಂದು ಗುದ್ದಿಬಿಡ್ತಾನೆ. ಒಳಗೆ ಬಾ."

ಅಂದಿನಿಂದ ಇಸ್ತ್ರಿಯಕ್ಕ ಪ್ರತಿ ಮಧ್ಯಾಹ್ನ ಬಂದಳು. ಮುಂಕೋಣೆಯ ಬೆಂಚಿನ ಮೇಲೆ ಮಕ್ಕಳ ತಲೆ ಬಾಚುವುದು, ಉಗುರು ಕತ್ತರಿಸುವುದು, ಲೆಕ್ಕ ಹೇಳಿಕೊಡುವುದು, ಜಗಳ ಬಿಡಿಸುವುದು, ಎಲ್ಲ ಅಲ್ಲೇ. ಅವಳು ಎದ್ದು ಹೊರಟಳೆಂದರೆ ಚಿಕ್ಕವಳಿಗೆ ಅಂದಿನ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ನಾನು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ದೊಡ್ಡಮ್ಮ ಬಂದು ಎದುರಿಗೆ ಕೂತರು.

"ಈ ಹೆಂಗಸಿಗೆ ಮಕ್ಕಳನ್ನ ನೋಡ್ಕೊಳ್ಳೋಕಾಗಲ್ಲ ಅಂತ ತಾನೆ ನಾವು ಇಟ್ಕೊಂಡಿರೋದು?"

"ಹೌದು."

"ಮಧ್ಯಾಹ್ನದಿಂದ ಕತ್ತಲಾಗೋವರೆಗೆ ನೋಡ್ಕೊಳ್ತಿರೋಳು ಯಾರು? ಅವಳೇ. ಅವಳಿಗೆ ಕಮ್ಮಿ ಬಿದ್ದಿದ್ದು ಬೆಳಗ್ಗೆ ಎರಡು ಗಂಟೆ ಹೊತ್ತು ಕಣೇ. ಅದಕ್ಕೆ ನಾವು ಎರಡು ಮಕ್ಕಳನ್ನೇ ಕಿತ್ಕೊಂಡು ಬಂದ್ವಿ. ನಿನ್ನ ಹತ್ರ ಯಾರಾದ್ರೂ ಗುಂಡಿ ಕಿತ್ತುಹೋಗಿದೆ ಅಂತ ಬಂದ್ರೆ ಅಂಗೀನೇ ಕಸ್ಕೊಂಡು ಕಳಿಸ್ತೀಯಾ?"

ನಾನು ಎಣ್ಣೆ ಒರೆಸಿಕೊಂಡು ಯಂತ್ರಕ್ಕೆ ಮುಚ್ಚಳ ಹಾಕಿದೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಭಾನುವಾರ ಭೇಟಿಯ ಹೊತ್ತು ಮುಗಿದ ಮೇಲೆ ಬಂದವರನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ, ಟೀ ಕೊಡಿಸಿ, ಎದ್ದು ನಿಂತು ಕೇಳಿದರು:

"ನೀವು ಇಲ್ಲಿಗೆ ಮಕ್ಕಳನ್ನ ಬಿಡೋಕೆ ಬಂದ್ರಲ್ಲ, ಅದಕ್ಕೆ ಮುಂಚೆ ಏನಿದ್ದಿದ್ರೆ ನೀವು ಬರ್ತಿರಲಿಲ್ಲ? ಯೋಚನೆ ಮಾಡಿ ಹೇಳಿ."

ಇದೇನೋ ಪರೀಕ್ಷೆ, ತಪ್ಪು ಹೇಳಿದರೆ ಮಗುವನ್ನು ಕಳೆದುಕೊಳ್ಳುತ್ತೇವೆ ಅನ್ನುವ ಭಯ ಎಲ್ಲರ ಮುಖದಲ್ಲೂ ಇತ್ತು. ಒಬ್ಬಾಕೆ, "ಇಲ್ಲಿ ಎಲ್ಲ ಚೆನ್ನಾಗಿದೆ ಅಮ್ಮ, ನಮಗೇನೂ ಕೊರತೆ ಇಲ್ಲ," ಅಂದಳು. ಉಳಿದವರೆಲ್ಲ ಅದನ್ನೇ ಹಿಡಿದುಕೊಂಡು "ಹೌದೌದು" ಅಂದರು.

ಆಗ ಹಿಂದಿನಿಂದ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಗಂಟಲು ಸರಿಮಾಡಿಕೊಂಡ. ಹೆಂಡತಿ ತೀರಿಕೊಂಡವನು. ಮಗಳಿಗೆ ಏಳೋ ಎಂಟೋ ವರ್ಷ.

"ನನಗೆ ತಲೆ ಬಾಚೋಕೆ ಬರ್ತಿದ್ರೆ ಸಾಕಿತ್ತು," ಅಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. "ನಿಜ ಹೇಳ್ತಿದೀನಿ. ಅವಳಮ್ಮ ಹೋದ ಮೇಲೆ ಜಡೆ ಹಾಕೋರಿಲ್ಲ. ಕೂದಲು ಗಂಟು ಗಂಟು. ಹೇನಾಯ್ತು. ಶಾಲೆಯವರು ವಾಪಸ್ ಕಳಿಸಿದ್ರು. ಮತ್ತೆ ಕಳಿಸಿದೆ, ಮತ್ತೆ ಕಳಿಸಿಬಿಟ್ರು. ಆಮೇಲೆ ಇವಳು ಹೋಗೋದೇ ಬಿಟ್ಲು. ನಾನು ಕೆಲಸಕ್ಕೆ ಹೋದಾಗ ಡಿಪೋ ಗೇಟಲ್ಲಿ ಕೂತಿರೋಳು. ಯಾರೋ ನೋಡಿ ಇಲಾಖೆಗೆ ಹೇಳಿದ್ರು. ಹೇನಿನಿಂದ ಮನೆ ಮುರೀತು ಅಂದ್ರೆ ಯಾರು ನಂಬ್ತಾರೆ? ನಾನು ಇಂಜಿನ್ ಇಳಿಸಿ ಕಟ್ಟಬಲ್ಲೆ. ಒಂದು ಜಡೆ ಕಟ್ಟೋಕಾಗಲಿಲ್ಲ."

ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹೆರಿಗೆಯಾದ ಮೇಲೆ ಮಂಚದಿಂದ ಏಳಲೂ ಮನಸ್ಸಾಗದೆ ಗೋಡೆ ನೋಡುತ್ತ ಮಲಗಿಬಿಟ್ಟವಳು, ಗಂಡನ ಸೊಂಟ ಮುರಿದಾಗ ಅವನನ್ನೋ ಮಕ್ಕಳನ್ನೋ ಎಂದು ಆರಿಸಬೇಕಾದವಳು. ಒಬ್ಬರ ಕಾರಣವೂ ಬೆಟ್ಟದಷ್ಟಿರಲಿಲ್ಲ. ಸಣ್ಣದೇ, ಆದರೆ ಆ ಹೊತ್ತಿಗೆ ಅದನ್ನು ಎತ್ತಿಕೊಡಲು ಇನ್ನೊಂದು ಕೈ ಇರಲಿಲ್ಲ.

ಎಲ್ಲ ಹೋದ ಮೇಲೆ ಅಡುಗೆಯಣ್ಣ ಲೋಟ ಎತ್ತುತ್ತ ಗೊಣಗಿದ: "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು." ಅಲ್ಲಿ ಅಡುಗೆ ಮಾಡುವುದಕ್ಕಿಂತ ಗೊಣಗುವುದೇ ಅವನ ಮುಖ್ಯ ಕೆಲಸವಾಗಿತ್ತು. ಆದರೆ ಅಂದು ದೊಡ್ಡಮ್ಮ ಅವನ ಮಾತನ್ನು ಕೇಳಿಸಿಕೊಂಡರು.

ಮರುದಿನವೇ ಇಲಾಖೆಯ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿ ಹೊಸದಾಗಿ ಬಂದಿದ್ದ ಅಧಿಕಾರಿ ಒಬ್ಬಳು ಹರೆಯದ ಹೆಣ್ಣುಮಗಳು. ದೊಡ್ಡಮ್ಮ ಜಗಳಕ್ಕೇ ಸಿದ್ಧವಾಗಿ ಹೋಗಿದ್ದರು. ಅವಳು ಎಲ್ಲ ಕೇಳಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನಗೂ ಬಂದಾಗಿನಿಂದ ಇದೇ ಕೊರೀತಿದೆ ದೊಡ್ಡಮ್ಮಾ. ಮೇಲಿನವರು ನನ್ನ ಕೇಳೋದು, ಎಷ್ಟು ಮಕ್ಕಳನ್ನ ಇಟ್ಕೊಂಡ್ರಿ ಅಂತ. ಎಷ್ಟು ಮಕ್ಕಳು ಬರಲೇ ಇಲ್ಲ ಅಂತ ಕೇಳೋರೇ ಇಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋದಕ್ಕೆ ನಮ್ಮ ಹತ್ರ ಸಲಕರಣೆ ಇದೆ. ಕಿಡಿ ಹಾರಿದಾಗ ಒಂದು ಚೊಂಬು ನೀರು ಹಾಕೋಕಿಲ್ಲ."

"ಹಾಗಾದ್ರೆ ಏನು ಮಾಡೋಣ ಮಗಳೇ?"

"ಕೂತು ಯೋಚನೆ ಮಾಡೋಣ. ನಿಯಮದಲ್ಲಿ ಎಲ್ಲಿ ಸಂದು ಇದೆ ಅಂತ ನಾನು ಹುಡುಕ್ತೀನಿ."

ಸಂದು ಹುಡುಕುವುದರಲ್ಲಿ ಆ ಹುಡುಗಿ ಗಟ್ಟಿಗಿತ್ತಿ. ಮಕ್ಕಳ ಆರೈಕೆಗೆ ಬರುವ ಅನುದಾನ ಇದೇ ನಾಲ್ಕು ಗೋಡೆಯೊಳಗೆ ಖರ್ಚಾಗಬೇಕು ಅಂತ ಎಲ್ಲೂ ಹೇಳಿಲ್ಲ ಅಂತ ತೋರಿಸಿಕೊಟ್ಟವಳು ಅವಳೇ. ವಾರಕ್ಕೊಂದು ದಿನ, ಮಕ್ಕಳು ಶಾಲೆಗೆ ಹೋದ ಮೇಲೆ, ನಾವು ಊಟದ ಮೇಜಿನ ಸುತ್ತ ಕೂರುತ್ತಿದ್ದೆವು. ದೊಡ್ಡಮ್ಮ, ಅಧಿಕಾರಿ, ನಾನು. ಇಸ್ತ್ರಿಯಕ್ಕ ಮತ್ತು ಮೆಕ್ಯಾನಿಕ್ ಕೆಲಸ ಬಿಟ್ಟು ಬರಲು ಆದಾಗ ಬರುವರು. ಅಡುಗೆಯಣ್ಣ ಕರೆಯದೆಯೂ ಬರುವನು. ಬೆಳಗಿನ ಹೊತ್ತು ಮಕ್ಕಳ ಜೊತೆ ಕೂರಲು ಆಯಾ ಬೀದಿಯ ಹೆಂಗಸರನ್ನೇ ಗೊತ್ತು ಮಾಡುವುದು, ಬಾಣಂತಿಯರ ಮನೆಗೆ ಹೋಗಿಬರಲು ಒಬ್ಬ ನರ್ಸು, ಮನೆಯಲ್ಲಿ ಯಾರಾದರೂ ಮಲಗಿದರೆ ಕೆಲವು ದಿನ ಊಟ. ಹೀಗೆ ಒಂದೊಂದೇ ಕೂಡಿಕೊಂಡಿತು. ದೊಡ್ಡಮ್ಮ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕುವರು: "ಇದು ಅವರಿಗೆ ಬೇಕಾಗಿದ್ದಾ, ನಮಗೆ ಕೊಡೋಕೆ ಸುಲಭ ಆಗಿದ್ದಾ?"

ಅಡುಗೆಯಣ್ಣನಿಗೆ ಮಾತ್ರ ಇದು ತನ್ನ ಬುಡಕ್ಕೇ ಬರುವ ಕೊಡಲಿ ಅನ್ನಿಸಿತ್ತು. "ಮಕ್ಕಳೆಲ್ಲ ಮನೆಗೆ ಹೋದ್ರೆ ನಾನೇನು ಗೋಡೆಗೆ ಬಡಿಸ್ಲಾ?" ಅಂತ ಸೌಟು ಕುಕ್ಕುವನು.

ಮೊದಲ ಪ್ರಯತ್ನ ನೆಲ ಕಚ್ಚಿತು. ಮಕ್ಕಳ ಮನೆಯ ಮುಂಕೋಣೆಗೇ ಬಣ್ಣ ಬಳಿದು, 'ಕುಟುಂಬ ನೆರವು ಕೇಂದ್ರ' ಅಂತ ಬೋರ್ಡು ಹಾಕಿ, ಕುರ್ಚಿ ಇಟ್ಟುಕೊಂಡು ಕಾದೆವು. ನೊಣ ಬಂತು, ಜನ ಬರಲಿಲ್ಲ. ವಾರಗಳು ಕಳೆದವು. ಒಬ್ಬಳು ಬೋರ್ಡು ಓದಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಬೇಗಬೇಗ ನಡೆದುಬಿಟ್ಟಿದ್ದನ್ನು ನಾನೇ ಕಂಡೆ. ದೊಡ್ಡಮ್ಮ ಇಸ್ತ್ರಿಯಕ್ಕನನ್ನು ಕೇಳಿದರು.

"ಬೆಕ್ಕು ತನ್ನ ಮನೆ ಬಾಗಿಲಲ್ಲಿ ನಿಂತು ಬಾ ಅಂದ್ರೆ ಇಲಿ ಬರುತ್ತಾ ದೊಡ್ಡಮ್ಮಾ?"

"ನಾನು ಬೆಕ್ಕಾ?"

"ಒಳ್ಳೇ ಬೆಕ್ಕೇ. ಇಲ್ಲ ಅನ್ನಲ್ಲ. ಆದ್ರೆ ಇಲಿಗೆ ಅದು ಗೊತ್ತಾಗೋದು ಹೇಗೆ?"

ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಎದ್ದು ಹೋಗಿ ಬೋರ್ಡನ್ನು ಇನ್ನೊಮ್ಮೆ ಓದಿದರು. ತಾವು ಇಷ್ಟು ಪ್ರೀತಿಯಿಂದ ನೋಡಿಕೊಂಡ ಮನೆಯ ಹೆಸರು ಹೇಳಿಯೇ ಬೀದಿಯ ತಾಯಂದಿರು ಮಕ್ಕಳನ್ನು ಹೆದರಿಸುತ್ತಾರೆ ಅನ್ನುವುದು ಅವರಿಗೆ ಅಂದು ಇಸ್ತ್ರಿಯಕ್ಕನ ಬಾಯಿಂದಲೇ ಮೊದಲು ತಿಳಿದದ್ದು.

ಬೋರ್ಡು ಇಳಿಯಿತು. ಡಿಪೋ ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಸೈಕಲ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದೆವು. ನೆಲದ ಗ್ರೀಸ್ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ, ಮೇಲೆ ಚಾಪೆ ಹಾಸಿದೆವು. ಹೆಸರು ಬೇಡ ಅಂದವಳು ಅಧಿಕಾರಿ: "ಸಹಾಯ ಅಂತ ಬರೆದ್ರೆ ಒಳಗೆ ಕಾಲಿಡೋರು ತಾವು ಸೋತವರು ಅಂತ ಒಪ್ಕೊಂಡು ಬರಬೇಕಾಗುತ್ತೆ. ಅದು ಬೇಡ. ಬರೋಕೆ ಒಂದು ನೆಪ ಕೊಡೋಣ." ನೆಪವಾಗಿ ನನ್ನ ಹೊಲಿಗೆ ಯಂತ್ರ ಅಲ್ಲಿಗೆ ಹೋಯಿತು. ಹರಿದದ್ದನ್ನು ಹೊಲಿದುಕೊಡಲಾಗುವುದು, ಅಷ್ಟೇ. ಜನ ಅದನ್ನು ಹೊಲಿಗೆ ಕೋಣೆ ಅಂತ ಕರೆದರು.

ಬಂದವು ನೋಡಿ: ಜಿಪ್ಪು ಕೆಟ್ಟ ಶಾಲಾ ಚೀಲ, ಮಂಡಿ ಹರಿದ ಚಡ್ಡಿ, ಎಲಾಸ್ಟಿಕ್ ಸಡಿಲವಾದ ಲಂಗ. ಸಮವಸ್ತ್ರದ ಅಂಚು ಇಳಿಸಿಕೊಡಿ ಅಂತ ಬಂದವಳು ಕಾಯುತ್ತ ಕೂತಾಗ ಮನೆಯ ಮಾತು ತಾನಾಗಿ ಬರುತ್ತಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತ, ತಲೆಯೆತ್ತದೆ ಕೇಳಿಸಿಕೊಳ್ಳುವರು. ತಲೆಯೆತ್ತಿ ನೋಡಿದರೆ ಜನ ಮಾತು ನುಂಗುತ್ತಾರೆ ಅನ್ನುವುದನ್ನು ಅವರು ಬೇಗ ಕಲಿತರು. ಗುಂಡಿ ಹಚ್ಚುವುದನ್ನು ಮಾತ್ರ ಕಲಿಯಲಿಲ್ಲ. ಅವರು ಹಚ್ಚಿದ್ದನ್ನು ನಾನು ಆಮೇಲೆ ಬಿಚ್ಚಿ ಮತ್ತೆ ಹಚ್ಚುತ್ತಿದ್ದೆ.

ಮೆಕ್ಯಾನಿಕ್ ಮಧ್ಯಾಹ್ನದ ಬಿಡುವಿನಲ್ಲಿ ಬರುವನು. ಯಂತ್ರದ ಹಿಡಿಗೆ ಮೂರು ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿಕೊಟ್ಟಿದ್ದೆ. ಕೈಯ ಗ್ರೀಸನ್ನು ತಿಕ್ಕಿ ತೊಳೆದುಕೊಂಡು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕೆಂಪು ನೀಲಿಯ ಮೇಲೆ, ನೀಲಿ ಹಳದಿಯ ಮೇಲೆ ಅಂತ ಜಡೆ ಹೆಣೆಯುವನು. ಮೊದಮೊದಲು ಅದು ಹಗ್ಗದ ಹಾಗಾಗುತ್ತಿತ್ತು. "ಇದರಲ್ಲಿ ಬಸ್ಸು ಎಳೀಬಹುದು," ಅಂದಳು ಇಸ್ತ್ರಿಯಕ್ಕ. ಅವನು ಕೈ ಬಿಡಲಿಲ್ಲ. ಮಗಳು ಮನೆಗೆ ಹೋದ ದಿನ ಎರಡು ಜಡೆ ಹಾಕಿ ಕರೆದುಕೊಂಡು ಹೋದ. ಒಂದು ಮೇಲೆ, ಒಂದು ಕೆಳಗೆ. ಹುಡುಗಿ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇಸ್ತ್ರಿಯಕ್ಕನ ಮಕ್ಕಳು ಅದಕ್ಕೂ ಮೊದಲೇ ಹೊರಟಿದ್ದರು. ಬೆಳಗಿನ ಹೊತ್ತು ಕೂರಲು ಅವಳ ಬೀದಿಯ ಹೆಂಗಸೊಬ್ಬಳು ಸಿಗುವವರೆಗೂ ದೊಡ್ಡಮ್ಮನೇ ಕತ್ತಲು ಹರಿಯುವ ಮುಂಚೆ ಎದ್ದು ಅವಳ ಮನೆಗೆ ಹೋಗಿಬಂದರು. ಹೊರಡುವ ದಿನ ನಾವೆಲ್ಲ ಗೇಟಿನಲ್ಲಿ ನಿಂತಿದ್ದೆವು. ದೊಡ್ಡವಳು ಎಲ್ಲರಿಗೂ ಹೋಗಿಬರ್ತೀನಿ ಅಂದಳು. ಚಿಕ್ಕವಳು ಮಾತ್ರ ಅಮ್ಮನ ಕೈ ಹಿಡಿದವಳು ರಸ್ತೆಯ ತಿರುವಿನವರೆಗೂ ಒಮ್ಮೆಯೂ ಹಿಂದೆ ನೋಡಲಿಲ್ಲ.

"ಇಷ್ಟು ದಿನ ಅನ್ನ ಹಾಕಿದ್ದೀವಿ, ತಿರುಗಿ ಕೂಡ ನೋಡಲಿಲ್ಲ ನೋಡಿ!" ಅಂದ ಅಡುಗೆಯಣ್ಣ. ಅವನ ಕಣ್ಣು ಕೆಂಪಾಗಿತ್ತು.

"ನೋಡಬಾರದು," ಅಂದರು ದೊಡ್ಡಮ್ಮ. "ಮನೆಗೆ ಹೋಗೋರು ತಿರುಗಿ ನೋಡಲ್ಲ."

ಹೀಗೆ ಎಲ್ಲ ಸಲೀಸಾಗಿ ಹೋಯಿತು ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಡಿಪೋ ಬೀದಿಯ ಕೊನೆಯಲ್ಲಿ ಹಸಿರು ಬಾಗಿಲ ಮನೆಯೊಂದಿತ್ತು. ಅಲ್ಲಿ ಒಬ್ಬ ಹೆಂಗಸು, ಅವಳ ಪುಟ್ಟ ಮಗ. ಅವಳಿಗೆ ಕುಡಿತದ ಚಟ. ಮಗುವನ್ನು ಕರೆದೊಯ್ಯಲು ಇಲಾಖೆ ತೀರ್ಮಾನಿಸಿದಾಗ ದೊಡ್ಡಮ್ಮ ಅಡ್ಡ ನಿಂತರು. "ಅವಳು ಬಿಡ್ತೀನಿ ಅಂತಿದಾಳೆ. ದಿನಾ ನಮ್ಮವರು ಹೋಗ್ತಾರೆ. ನನ್ನ ಮೇಲೆ ಬಿಡಿ," ಅಂದರು. ತಿಂಗಳುಗಟ್ಟಲೆ ಚೆನ್ನಾಗಿಯೇ ಇತ್ತು. ಅವಳು ಕುಡಿತ ಬಿಟ್ಟಳು, ಮೈಕೈ ತುಂಬಿಕೊಂಡಳು, ಹೊಲಿಗೆ ಕೋಣೆಗೆ ಬಂದು ಕಾಜಾ ಮಾಡಲು ಕಲಿತಳು. ಆಮೇಲೆ ಯಾವಾಗಲೋ ಮತ್ತೆ ಶುರುವಾಯಿತು. ಆ ಮನೆಗೆ ಹೋಗಿಬರುತ್ತಿದ್ದ ಸಹಾಯಕಿಗೆ ವಾಸನೆ ಬಡಿದಿತ್ತು. ಆದರೆ ಅವಳು ಹೇಳಲಿಲ್ಲ. ಆ ತಾಯಿಯ ಮೇಲೆ ಅವಳಿಗೆ ಅಕ್ಕರೆ. ಜೊತೆಗೆ, ದೊಡ್ಡಮ್ಮ ಎಲ್ಲರೆದುರು ಈ ಮನೆಯನ್ನು ಎಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ತಾಯಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಗ ಮಗು ಒಲೆಯ ಮೇಲಿನ ಬಿಸಿನೀರಿನ ಪಾತ್ರೆಯನ್ನು ಮೈಮೇಲೆ ಎಳೆದುಕೊಂಡಿತು. ಒಂದು ಕಾಲು ಪೂರ್ತಿ ಬೆಂದುಹೋಯಿತು.

ಆಸ್ಪತ್ರೆಯಿಂದ ಆ ಮಗುವನ್ನು ಎತ್ತಿಕೊಂಡು ಮಕ್ಕಳ ಮನೆಗೆ ತಂದವರು ದೊಡ್ಡಮ್ಮನೇ. ತಾಯಿ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ದೊಡ್ಡಮ್ಮ ದಾಟಿ ಹೋಗುವಾಗ, "ನನ್ನ ನಂಬಿದ್ದು ನೀವೊಬ್ಬರೇ. ನಂಬಬಾರದಿತ್ತು ಅಲ್ವಾ?" ಅಂದಳಂತೆ.

ಮಕ್ಕಳ ಮನೆಯ ಆಡಳಿತ ಸಮಿತಿ ದೊಡ್ಡಮ್ಮನನ್ನು ಕರೆಸಿತು. ಅಧ್ಯಕ್ಷರು ನಿವೃತ್ತ ಮೇಷ್ಟ್ರು, ನಿಧಾನದ ಮನುಷ್ಯ, ದನಿ ಏರಿಸಿದವರೇ ಅಲ್ಲ.

"ನಾನು ನಿಮ್ಮನ್ನ ಬೈಯೋಕೆ ಕರೆದಿಲ್ಲ. ಆದ್ರೆ ಒಂದು ಮಗು ಬೆಂದಿದೆ. ನಾವು ಆ ಮಗುವನ್ನ ಮೊದಲೇ ತಂದಿದ್ರೆ ಹೀಗಾಗ್ತಿತ್ತಾ?"

"ಆಗ್ತಿರಲಿಲ್ಲ."

"ಹಾಗಾದ್ರೆ ಈ ಹೊಲಿಗೆ ಕೋಣೆ ಮುಂದುವರಿಸೋದಕ್ಕೆ ಏನು ಸಮರ್ಥನೆ ಇದೆ?"

ದೊಡ್ಡಮ್ಮ ಮೇಜಿನ ಅಂಚನ್ನೇ ನೋಡುತ್ತ ಮಾತಾಡಿದರು. "ತಾಯಿಯಿಂದ ಬಿಡಿಸಿಕೊಂಡು ಬರೋದೂ ಸುಟ್ಟ ಗಾಯಾನೇ ಮೇಷ್ಟ್ರೇ. ಬೊಬ್ಬೆ ಕಾಣಲ್ಲ, ಅಷ್ಟೇ. ನಾನು ಇಷ್ಟು ವರ್ಷ ಅಂಥವನ್ನ ಬೇಕಾದಷ್ಟು ನೋಡಿದೀನಿ. ಆದ್ರೆ ಇವತ್ತು ಅದನ್ನ ಹೇಳಿ ಈ ಗಾಯ ಮುಚ್ಚೋಕೆ ನಾನು ಬರಲಿಲ್ಲ. ಇದು ನನ್ನದು. ಒಂದು ಮನೆಯನ್ನ ಉಳಿಸಲೇಬೇಕು ಅಂತ ಹಟ ಹಿಡಿದೆ. ಹಟ ಹಿಡಿದವಳ ಹತ್ರ ಬಂದು ಯಾರು ನಿಜ ಹೇಳ್ತಾರೆ? ಆ ಹುಡುಗಿ ಹೇಳಲಿಲ್ಲ ಅಂದ್ರೆ, ಹೇಳೋಕಾಗದ ಹಾಗೆ ಮಾಡಿದ್ದು ನಾನು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದೆ?"

"ಒಂದು ಮನೆಗೆ ಇಬ್ಬರು ಹೋಗ್ತಾರೆ, ಬೇರೆ ಬೇರೆ ದಿನ. ವಾರಕ್ಕೊಮ್ಮೆ ಎಲ್ಲರೂ ಕೂತು, ಯಾವ ಮನೆ ಸರಿ ಹೋಗ್ತಿಲ್ಲ ಅನ್ನೋದನ್ನ ಮೊದಲು ಹೇಳ್ತಾರೆ. ಸರಿ ಹೋಗ್ತಿರೋದನ್ನ ಆಮೇಲೆ. ಮಗುವನ್ನ ತರಲೇಬೇಕಾದ ಮನೇನೂ ಇರುತ್ತೆ. ಅಲ್ಲಿಂದ ತರ್ತೀವಿ, ತಡಮಾಡಲ್ಲ."

ಸಮಿತಿ ಬಹಳ ಹೊತ್ತು ಚರ್ಚಿಸಿತು. ಕೊನೆಗೆ ಹೊಲಿಗೆ ಕೋಣೆ ಉಳಿಯಿತು, ಆದರೆ ಒಂದು ವರ್ಷ ಹೊಸ ಮನೆಗಳನ್ನು ಹಚ್ಚಿಕೊಳ್ಳಬಾರದು ಅಂದರು. ದೊಡ್ಡಮ್ಮ ಮರುಮಾತಾಡದೆ ಒಪ್ಪಿಕೊಂಡರು. ಆ ಸಹಾಯಕಿ ಕೆಲಸ ಬಿಡುತ್ತೇನೆ ಅಂತ ಅಳುತ್ತ ಬಂದಾಗ, "ಬಿಟ್ರೆ ನೀನು ಕಲಿತಿದ್ದು ಯಾರಿಗೆ ಉಪಯೋಗಕ್ಕೆ ಬರುತ್ತೆ?" ಅಂತ ಕೂರಿಸಿದರು. ಆಮೇಲಿನ ವಾರದ ಕೂಟಗಳಲ್ಲಿ ಒಂದು ಪದ್ಧತಿಯೇ ಆಯಿತು: ಕೆಟ್ಟ ಸುದ್ದಿ ತಂದವಳಿಗೆ ಮೊದಲ ಲೋಟ ಟೀ.

ಬೆಂದ ಕಾಲಿನ ಹುಡುಗ ಎರಡು ವರ್ಷ ನಮ್ಮಲ್ಲಿದ್ದ. ತಾಯಿ ಕೆಲವು ಭಾನುವಾರ ಬರುವಳು, ಕೆಲವು ಭಾನುವಾರ ಬರಲಾಗದ ಸ್ಥಿತಿಯಲ್ಲಿರುವಳು. ಅವನನ್ನು ಅವಳ ಮನೆಗೆ ಕಳಿಸಲು ಕೊನೆಗೂ ಆಗಲಿಲ್ಲ. ಅಧಿಕಾರಿ ಅಲೆದು ಅಲೆದು ಆ ತಾಯಿಯ ತಂಗಿಯನ್ನು ಹುಡುಕಿ ತೆಗೆದಳು. ಅಕ್ಕನ ಜೊತೆ ಮಾತು ಬಿಟ್ಟಿದ್ದ ತಂಗಿ, ಮಗುವನ್ನು ನೋಡಿ ಕರಗಿದಳು. ಅವನೀಗ ಚಿಕ್ಕಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಅಮ್ಮ ಅಲ್ಲಿಗೆ ಬಂದು ನೋಡಿಕೊಂಡು ಹೋಗುತ್ತಾಳೆ. ಅದನ್ನು ಗೆಲುವು ಅಂತ ಕರೆಯಲು ದೊಡ್ಡಮ್ಮ ಒಪ್ಪುವುದಿಲ್ಲ. ಸೋಲು ಅಂತಲೂ ಅನ್ನುವುದಿಲ್ಲ.

ನಿಷೇಧದ ವರ್ಷ ಮುಗಿದು ಹೊಲಿಗೆ ಕೋಣೆ ಮತ್ತೆ ತುಂಬಿತು. ಮಕ್ಕಳ ಮನೆ ಬರಿದಾಗತೊಡಗಿತು. ಅಡುಗೆಯಣ್ಣನಿಗೆ ಬಡಿಸಲು ಗೋಡೆಯೇ ಗತಿಯಾಗಲಿಲ್ಲ. ಬಾಣಂತಿಯರ ಮನೆಗೆ, ಕಾಯಿಲೆಯವರ ಮನೆಗೆ ಡಬ್ಬಿ ಹೊತ್ತುಕೊಂಡು ಹೋಗಲು ಶುರು ಮಾಡಿದ. ಹೋದವನು ಸುಮ್ಮನೆ ಬರುವವನಲ್ಲ. ಮೂಲೆಯಲ್ಲಿ ಕೂತ ಗಂಡನನ್ನು ಎಬ್ಬಿಸಿ, "ಏಳಪ್ಪಾ ರಾಜ, ಪಾತ್ರೆ ಯಾರು ತೊಳೀಬೇಕು? ನಾನಾ?" ಅಂತ ಗದರಿ, ಪಾತ್ರೆ ತೊಳೆಸಿ, ತಳ ಹಿಡಿಯದಂತೆ ಗಂಜಿ ಕಾಯಿಸುವುದು ಕಲಿಸಿ ಬರುವನು. ಅವನ ಗೊಣಗಾಟಕ್ಕೆ ಊರೇ ಸಿಕ್ಕಿತು.

ದೊಡ್ಡಮ್ಮನ ಪಾಡು ಹಾಗಾಗಲಿಲ್ಲ. ಒಂದು ಸಂಜೆ ಮೇಲಿನ ಕೋಣೆಗೆ ಪರದೆಯ ಅಳತೆ ತೆಗೆಯಲು ಹೋದರೆ, ಹಾಸಿಗೆ ಸುತ್ತಿಟ್ಟ ಮಂಚಗಳ ಸಾಲಿನ ನಡುವೆ ಒಂದರ ಮೇಲೆ ಒಬ್ಬರೇ ಕೂತಿದ್ದರು.

"ಖುಷಿ ಅಲ್ವಾ ದೊಡ್ಡಮ್ಮಾ? ನೀವು ಅಂದುಕೊಂಡ ಹಾಗೇ ಆಯ್ತು."

"ಖುಷೀನೇ. ಖುಷಿ ಇಷ್ಟು ಸಪ್ಪಳವಿಲ್ಲದೆ ಇರುತ್ತೆ ಅಂತ ಗೊತ್ತಿರಲಿಲ್ಲ." ಹಾಸಿಗೆಯ ಸುರುಳಿ ಸವರುತ್ತ ಅಂದರು, "ಮಕ್ಕಳು ಅಳ್ತಾ ಬರ್ತಿದ್ವು. ಮೊದಲ ವಾರ ಮುಖ ತಿರುಗಿಸ್ಕೊಳ್ತಿದ್ವು. ಆಮೇಲೆ ಒಂದು ದಿನ ಬಂದು ಬೆರಳು ಹಿಡ್ಕೊಳ್ತಿದ್ವಲ್ಲ, ಅದು ನನಗೆ ಬೇಕಿತ್ತು ಕಣೇ. ಅವಕ್ಕೆ ಬೇಕಿದ್ದಕ್ಕಿಂತ ಹೆಚ್ಚು ನನಗೆ ಬೇಕಿತ್ತು. ಅದಕ್ಕೇ ಇಷ್ಟು ವರ್ಷ ನನ್ನ ಕಣ್ಣಿಗೆ ಏನೂ ಬೀಳಲಿಲ್ಲವೋ ಏನೋ."

ಪಕ್ಕದಲ್ಲಿ ಕೂತೆ. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಡಿಪೋ ಕಡೆ ತಿರುಗುತ್ತಿದ್ದವು. ದೀಪ ಹಾಕುವ ಹೊತ್ತಾದರೂ ಇಬ್ಬರೂ ಏಳಲಿಲ್ಲ.

ಈಗ ಮಕ್ಕಳ ಮನೆ ಕೆಳಗಿನ ಮಹಡಿಯಲ್ಲಿ ಮಾತ್ರ ನಡೆಯುತ್ತದೆ. ನಿಜಕ್ಕೂ ಯಾರೂ ಇಲ್ಲದ ಕೆಲವು ಮಕ್ಕಳಿದ್ದಾರೆ. ಮನೆಯಲ್ಲಿರಲು ಸಾಧ್ಯವೇ ಇಲ್ಲದ ಒಂದಿಬ್ಬರಿದ್ದಾರೆ. ಮೇಲಿನ ಮಹಡಿಯಲ್ಲಿ ನರ್ಸು ಬಾಣಂತಿಯರನ್ನು ನೋಡುತ್ತಾಳೆ. ಬಾಗಿಲಿಗೆ ಹೆದರಿ ನಡೆದುಬಿಡುವವರು ಈಗಲೂ ಇದ್ದಾರೆ, ಅದು ಅಷ್ಟು ಬೇಗ ಹೋಗುವ ಭಯವಲ್ಲ. ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಯೂ ಒಂದು ಕೋಣೆ ತೆರೆದಿದ್ದಾಳಂತೆ. ಅಲ್ಲಿಯ ನೆಪ ಹೊಲಿಗೆಯಲ್ಲ, ಸೈಕಲ್ ರಿಪೇರಿ.

ದೊಡ್ಡಮ್ಮ ನಿವೃತ್ತರಾದರು. ಅವರಿಗೊಬ್ಬ ತಂಗಿ ಇದ್ದರು, ಗಂಡ ತೀರಿಕೊಂಡವರು. ಅದೇ ಊರಿನ ಇನ್ನೊಂದು ಮೂಲೆಯಲ್ಲಿದ್ದ ಆ ತಂಗಿ, ಬಂದು ಜೊತೆಗಿರು ಅಂತ ಎಷ್ಟೋ ವರ್ಷದಿಂದ ಕರೆಯುತ್ತಿದ್ದರಂತೆ. ದೊಡ್ಡಮ್ಮ ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿ ಅಲ್ಲಿಗೆ ಹೋದರು. ಹೋದ ಮೊದಲ ವಾರವೇ ಜಗಳ. ಇವರಿಗೆ ಕಿಟಕಿ ತೆರೆದಿರಬೇಕು, ಅವರಿಗೆ ಮುಚ್ಚಿರಬೇಕು. ಇವರು ಬೆಳಕು ಹರಿಯುವ ಮುಂಚೆ ಎದ್ದು ಬಕೆಟ್ಟು ಸದ್ದು ಮಾಡಿದರೆ, ಅವರು ರಾತ್ರಿ ರೇಡಿಯೋ ಆರಿಸುವುದಿಲ್ಲ. ದೊಡ್ಡಮ್ಮ ದಿನವೂ ಮಧ್ಯಾಹ್ನ ಹೊಲಿಗೆ ಕೋಣೆಗೆ ಬಂದು, ಚಾಪೆಯ ಮೇಲೆ ಕಾಲು ಚಾಚಿ ಕೂತು, ತಂಗಿಯ ಮೇಲಿನ ದೂರನ್ನೆಲ್ಲ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ.

"ಊರಿಗೆಲ್ಲ ಒಟ್ಟಿಗಿರಿ, ಒಟ್ಟಿಗಿರಿ ಅಂತ ಹೇಳ್ಕೊಂಡು ತಿರುಗಿದೋಳು ನಾನು," ಅಂದರು ಮೊನ್ನೆ. "ಒಂದೇ ಮನೇಲಿ ಒಬ್ಬರ ಜೊತೆ ಇರೋದು ಇಷ್ಟು ಕಷ್ಟ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲೇ! ನಲವತ್ತು ಮಕ್ಕಳನ್ನ ಸುಲಭವಾಗಿ ಸಾಕಬಹುದು. ಒಬ್ಬ ತಂಗೀನ ಸಹಿಸೋಕಾಗಲ್ಲ."

"ಹಾಗಾದ್ರೆ ವಾಪಸ್ ಬಂದುಬಿಡಿ."

"ಅಯ್ಯೋ, ಬಂದ್ರೆ ಅವಳ ಮಾತ್ರೆ ನೆನಪು ಮಾಡೋರು ಯಾರು?"

ಅಷ್ಟರಲ್ಲಿ ಬಾಗಿಲಲ್ಲಿ ತಂಗಿಯೇ ಬಂದು ನಿಂತರು, ಕೈಯಲ್ಲಿ ಅಕ್ಕನ ಕೊಡೆ. "ಮೋಡ ಆಗಿದ್ದು ಕಾಣಿಸಲ್ವಾ? ಹೀಗೇ ಬಂದುಬಿಟ್ಟಿದಾಳೆ! ಕಿಟಕಿ ಬೇರೆ ತೆರೆದಿಟ್ಟು ಬಂದಿದೀಯ."

"ಗಾಳಿ ಬರಲಿ ಅಂತ ತೆರೆದಿಟ್ಟೆ."

"ಮಳೇನೂ ಬರುತ್ತೆ."

ಇಬ್ಬರೂ ಒಂದೇ ಕೊಡೆಯ ಕೆಳಗೆ ಸೇರಿ, ಕೊಡೆ ಯಾರು ಹಿಡಿಯಬೇಕು ಅನ್ನುವುದರ ಮೇಲೆ ಜಗಳವಾಡುತ್ತ ಡಿಪೋ ಬೀದಿಯಲ್ಲಿ ಹೋದರು.